ಸಂಪಾದಕರ ಉತ್ತರ: ಗೆಡ್ಡೆಗೆ ಕಣ್ಣಿದೆಯೇ ಎಂದು ಯಾಕೆ ಕೇಳುತ್ತೇವೆ

ಕುಮಟಾ ಕಡೆಯ ಓದುಗರೊಬ್ಬರ ಪತ್ರ ಹೋದ ವಾರ ಬಂತು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

"ನಿಮ್ಮ 'ಕೊಡು–ಕೊಳ್ಳು' ಪುಟಕ್ಕೆ ಮೂರು ಜಾಹೀರಾತು ಕಳಿಸಿದ್ದೆ. ಡೇರೆ (ಡೇಲಿಯಾ ಹೂ) ಗೆಡ್ಡೆಯದನ್ನು ಅರ್ಧ ಕತ್ತರಿಸಿ ಹಾಕಿದಿರಿ. ಸೀತಾಳೆ ದಂಡೆಯದನ್ನು (ಮರದ ಮೇಲೆ ಬೆಳೆಯುವ ಆರ್ಕಿಡ್) ಹಾಕಲೇ ಇಲ್ಲ. ಕರಿ ಇಶಾಡು ಮಾವಿನ ಸಸಿಯದು ಕಸಿಯೋ ಬೀಜದ್ದೋ ಎಂದು ಎರಡು ಸಲ ಫೋನ್ ಮಾಡಿದಿರಿ. ಬೆಲೆ ಬರೆಯಿರಿ, ಫೋಟೊ ಕಳಿಸಿ, ಅದು ಬೇಕು ಇದು ಬೇಕು. ಮೊದಲೆಲ್ಲ ಹೀಗಿರಲಿಲ್ಲ. ನಾವು ಅಂಗಡಿ ಇಟ್ಟವರಲ್ಲ, ಗಿಡದ ಹುಚ್ಚಿನವರು. ನಮ್ಮನ್ನೇ ಸಂಶಯದಿಂದ ನೋಡಿದರೆ ಹೇಗೆ?"

ಅಕ್ಕ, ನಮಸ್ಕಾರ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ನಿಮ್ಮ ಡೇರೆ ಜಾಹೀರಾತಿನಲ್ಲಿ "ಅಜ್ಜಿ ಕಾಲದಿಂದ ನಮ್ಮ ಅಂಗಳದಲ್ಲೇ ಇರುವ ಬಣ್ಣ" ಎಂಬ ಸಾಲಿತ್ತು. ಅದನ್ನು ನಾನೇ ಹೊಡೆದು ಹಾಕಿದೆ. "ಅತ್ಯುತ್ತಮ", "ಅಪರೂಪದ", "ಎಲ್ಲೂ ಸಿಗದ" ಅನ್ನುವ ಹೊಗಳಿಕೆಯನ್ನೆಲ್ಲ ತೆಗೆಯುವುದು ನಮ್ಮ ರೂಢಿ. ನಿಮ್ಮ ಸಾಲನ್ನೂ ಅದೇ ಸಾಲಿಗೆ ಸೇರಿಸಿದೆ. ನಿಮ್ಮ ಪತ್ರ ಓದಿದ ಮೇಲೆ ಮತ್ತೆ ಯೋಚಿಸಿದೆ. ಅದು ಹೊಗಳಿಕೆ ಅಲ್ಲ, ಮಾಹಿತಿ. ಡೇರೆಯನ್ನು ಬೀಜದಿಂದ ಮಾಡಿದರೆ ಯಾವ ಬಣ್ಣ ಬರುತ್ತದೋ ಹೇಳಲಾಗದು. ಗೆಡ್ಡೆಯಿಂದ ಮಾಡಿದರೆ ತಾಯಿ ಗಿಡದ ಹೂವೇ ಬರುತ್ತದೆ. ಅಂದರೆ ನಿಮ್ಮ ಅಜ್ಜಿ ನೆಟ್ಟ ಗಿಡವೇ ಗೆಡ್ಡೆಯಿಂದ ಗೆಡ್ಡೆಗೆ ದಾಟುತ್ತ ಇವತ್ತಿನವರೆಗೂ ಬಂದಿದೆ. ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ವಿಷಯ ಯಾವುದಿದೆ? ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು, ಮಾಡಲಿಲ್ಲ. ಕ್ಷಮಿಸಿ. ಮುಂದಿನ ಸಂಚಿಕೆಯಲ್ಲಿ ಆ ಸಾಲು ಇರುತ್ತದೆ.

ಉಳಿದ ಪ್ರಶ್ನೆಗಳನ್ನು ಮಾತ್ರ ನಾವು ಕೇಳುವುದು ಬಿಡಲಾರೆವು. ಯಾಕೆ ಅಂತ ಹೇಳಬೇಕು ಅಂದರೆ ಜಾಯಿಕಾಯಿಯ ಕತೆ ಹೇಳಬೇಕು.

ಪತ್ರಿಕೆ ಶುರುವಾಗಿ ಎರಡನೇ ವರ್ಷ. ಆಗ ಯಾರು ಏನು ಕಳಿಸಿದರೂ ಹಾಗೇ ಅಚ್ಚು ಹಾಕುತ್ತಿದ್ದೆವು. "ಜಾಯಿಕಾಯಿ ಹೆಣ್ಣು ಸಸಿ, ಒಂದಕ್ಕೆ 40 ರೂ." ಎಂದು ಒಂದು ಜಾಹೀರಾತು ಬಂತು. ಸಿದ್ದಾಪುರ ತಾಲ್ಲೂಕಿನ ಓದುಗರೊಬ್ಬರು ಹನ್ನೆರಡು ಸಸಿ ತಂದು ಅಡಿಕೆ ತೋಟದ ನಡುವೆ ನೆಟ್ಟರು. ಬೇಸಿಗೆಯಲ್ಲಿ ನೀರು ಹೊತ್ತರು, ಸೊಪ್ಪು ಮುಚ್ಚಿದರು. ಏಳನೇ ವರ್ಷ ಹೂ ಬಂತು. ಹನ್ನೆರಡರಲ್ಲಿ ಏಳು ಗಂಡು.

ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ ಆಗುತ್ತವೆ. ಪರಾಗಕ್ಕೆ ಹತ್ತು ಹೆಣ್ಣಿಗೆ ಒಂದು ಗಂಡು ಇದ್ದರೆ ಸಾಕು. ಯಾವುದು ಯಾವುದು ಎಂದು ತಿಳಿಯುವುದು ಹೂ ಬಿಟ್ಟ ಮೇಲೆಯೇ. ಅದಕ್ಕೆ ಆರೇಳು ವರ್ಷ ಬೇಕು. ಹೆಣ್ಣೇ ಬೇಕು ಅಂದರೆ ಹೆಣ್ಣು ಮರದ ಕುಡಿ ತಂದು ಕಸಿ ಕಟ್ಟಿದ ಗಿಡ ಕೊಳ್ಳಬೇಕು. ಅದರಲ್ಲೂ ಕುಡಿ ನೆಟ್ಟಗೆ ಏಳುವ ಚಿಗುರಿನದಾಗಿರಬೇಕು. ಅಡ್ಡ ಟೊಂಗೆಯ ಕುಡಿ ಕಟ್ಟಿದರೆ ಗಿಡ ಮೇಲೇಳದೆ ಅಗಲಕ್ಕೆ ಹರಡುತ್ತದೆ.

ಸಸಿ ಮಾರಿದವರು ಮೋಸಗಾರರಲ್ಲ. ಎಲೆಯ ಆಕಾರ ನೋಡಿದರೆ ಹೆಣ್ಣೋ ಗಂಡೋ ಗೊತ್ತಾಗುತ್ತದೆ ಎಂದು ಅವರು ನಿಜವಾಗಿ ನಂಬಿದ್ದರು. ಆ ಸಿದ್ದಾಪುರದ ಓದುಗರು ಹೂ ಇದ್ದ ಟೊಂಗೆಯೊಂದನ್ನು ಮುರಿದುಕೊಂಡು ಶಿರಸಿಯ ನಮ್ಮ ಕಚೇರಿಗೆ ಬಂದರು. ಗೊಂಚಲು ಗೊಂಚಲಾಗಿ ಗಂಡು ಹೂ. ಮೇಜಿನ ಮೇಲಿಟ್ಟು ಅವರು ಹೇಳಿದ್ದು ಇಷ್ಟೇ: "ನಾನು ಅವರ ಮುಖ ನೋಡಿ ತಗೊಂಡಿದ್ದಲ್ಲ. ನಿಮ್ಮ ಪುಟ ನೋಡಿ ತಗೊಂಡಿದ್ದು."

ಅವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತೇನೋ. ಗಂಡು ಮರಗಳ ತಲೆ ಕಡಿದು, ಬಂದ ಚಿಗುರಿಗೆ ಹೆಣ್ಣು ಕುಡಿ ಕಸಿ ಕಟ್ಟುವವರನ್ನು ನಾವೇ ಹುಡುಕಿಕೊಟ್ಟೆವು. ಆದರೆ ಹೋದ ಏಳು ವರ್ಷ ಹೋಗಿದ್ದೇ.

ಇದಾಗಿ ಎರಡು ವರ್ಷವಾಯಿತು. ನೀವು "ಮೊದಲೆಲ್ಲ ಹೀಗಿರಲಿಲ್ಲ" ಅಂದಿರಲ್ಲ, ಸರಿಯಾಗೇ ಹೇಳಿದ್ದೀರಿ. ಆ ದಿನದಿಂದಲೇ ಬದಲಾಗಿದ್ದು. ಹಳೆ ಸೈಕಲ್ ಕೊಂಡರೆ ಅಂಗಳದಲ್ಲೇ ಒಂದು ಸುತ್ತು ಹೊಡೆದು ನೋಡಬಹುದು. ಹಳೆ ರೇಡಿಯೊ ಆದರೆ ಕಿವಿಗಿಟ್ಟು ಕೇಳಬಹುದು. ಗಿಡ ಹಾಗಲ್ಲ ಅಕ್ಕ. ಕೊಟ್ಟೆಯಲ್ಲಿ, ಅಂದರೆ ಸಸಿ ಚೀಲದಲ್ಲಿ, ಇರುವ ನಾಲ್ಕು ಎಲೆ ಏನನ್ನೂ ಹೇಳುವುದಿಲ್ಲ. ಕೊಂಡವರಿಗೆ ಸತ್ಯ ತಿಳಿಯುವ ಹೊತ್ತಿಗೆ ಮಾರಿದವರ ಫೋನ್ ನಂಬರೇ ಬದಲಾಗಿರುತ್ತದೆ. ಹಾಗಾಗಿ ಕೊಳ್ಳುವವರ ಪರವಾಗಿ ಮೊದಲೇ ಕೇಳಬೇಕಾದ್ದನ್ನು ನಾವು ಕೇಳುತ್ತೇವೆ. ನಿಮ್ಮ ಮೇಲಿನ ಸಂಶಯದಿಂದ ಕೇಳುವುದಲ್ಲ.

ನಿಮ್ಮ ಕರಿ ಇಶಾಡು ವಿಷಯಕ್ಕೆ ಬರುತ್ತೇನೆ. ಅಂಕೋಲಾದ ಕರಿ ಇಶಾಡಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ನಮಗೆಲ್ಲ ಹೆಮ್ಮೆಯೇ. ಆದರೆ ಆಮೇಲೆ ಆ ಹೆಸರಿನ ಸಸಿ ಮಾರುವ ಜಾಹೀರಾತು ಜಾಸ್ತಿ ಬರತೊಡಗಿದವು. ಹಣ್ಣು ತಿಂದು ಗೊರಟ ಹುಗಿದು ಎಬ್ಬಿಸಿದ ಸಸಿಯನ್ನೂ ಕರಿ ಇಶಾಡು ಎಂದೇ ಕಳಿಸುತ್ತಾರೆ. ಅದು ತಾಯಿಯ ಹಾಗೇ ಹಣ್ಣು ಕೊಡುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ಕಸಿ ಗಿಡವಾದರೆ ನಾಲ್ಕೈದು ವರ್ಷಕ್ಕೆ ಕಾಯಿ ಕಚ್ಚುತ್ತದೆ, ಬೀಜದ ಗಿಡಕ್ಕೆ ಅದರ ಎರಡರಷ್ಟು ಕಾಯಬೇಕು. ಘಟ್ಟದ ಮೇಲೆ ಅಪ್ಪೆಮಿಡಿಯದೂ ಇದೇ ಕತೆ. ಉಪ್ಪಿನಕಾಯಿಗೆಂದು ನೆಟ್ಟ ಗಿಡದಲ್ಲಿ ಹತ್ತು ವರ್ಷದ ಮೇಲೆ ಸೊನೆಯ ಪರಿಮಳವೇ ಇಲ್ಲದ ಮಿಡಿ ಬಿಟ್ಟರೆ ಆ ಮನೆಯವರ ಬೇಸರ ಹೇಗಿರಬೇಡ?

ಬೀಜದ ಸಸಿ ಮಾರಬಾರದು ಅಂತಲ್ಲ. "ಕರಿ ಇಶಾಡು ಗೊರಟದಿಂದ ಎಬ್ಬಿಸಿದ ಸಸಿ" ಎಂದು ಬರೆದರೆ ಖುಷಿಯಿಂದ ಹಾಕುತ್ತೇವೆ. ಕಸಿಯಾದರೆ ತಾಯಿಮರ ಎಲ್ಲಿದೆ, ಎಷ್ಟು ವರ್ಷದಿಂದ ಹಣ್ಣು ಕೊಡುತ್ತಿದೆ ಎಂದು ಒಂದು ಸಾಲು ಬರೆಯಿರಿ. ಫೋಟೊದಲ್ಲಿ ಕಸಿ ಗಂಟು ಕಾಣಲಿ. ಗಂಟಿನ ಕೆಳಗೆ ಚಿಗುರು ಬಂದಿದ್ದರೆ ಮುರಿದು ಕೊಡಿ. ಬಿಟ್ಟರೆ ಬುಡದ ಗಿಡವೇ ಮೇಲೆದ್ದು ಕಸಿ ಕುಡಿಯನ್ನು ಒಣಗಿಸಿಬಿಡುತ್ತದೆ.

ಈಗ ಸೀತಾಳೆ ದಂಡೆ. ನಿಮಗೆ ಜಾಸ್ತಿ ನೋವಾಗಿದ್ದು ಇದರಲ್ಲೇ ಅಂತ ಪತ್ರ ಓದಿದಾಗ ಅನ್ನಿಸಿತು. ಮಳೆಗೆ ನಿಮ್ಮ ಹಿತ್ತಿಲಿನ ಹಲಸಿನ ಮರದ ಟೊಂಗೆ ಬಿತ್ತು, ಅದರಲ್ಲಿದ್ದ ದಂಡೆಗಳನ್ನು ಉಳಿಸಿ ತೆಂಗಿನ ಸಿಪ್ಪೆಗೆ ಕಟ್ಟಿದಿರಿ, ಜಾಸ್ತಿ ಆದದ್ದನ್ನು ಕಟ್ಟಿಗೆ 300 ರೂಪಾಯಿಯಂತೆ ಕೊಡೋಣ ಅಂದುಕೊಂಡಿರಿ. ನಿಮ್ಮ ಮಾತನ್ನು ಪೂರ್ತಿ ನಂಬುತ್ತೇನೆ. ಆದರೂ ಹಾಕಲಿಲ್ಲ.

ಸೀತಾಳೆಯ ಬೀಜ ಧೂಳಿನಷ್ಟು ಸಣ್ಣದು. ಮೊಳಕೆಗೆ ಬೇಕಾದ ಆಹಾರವೂ ಅದರಲ್ಲಿರುವುದಿಲ್ಲ. ಮರದ ತೊಗಟೆಯಲ್ಲಿ ಸರಿಯಾದ ಶಿಲೀಂಧ್ರ ಜೊತೆಯಾದರೆ ಮಾತ್ರ ಮೊಳೆಯುತ್ತದೆ. ಆಮೇಲೆ ಹೂ ಬಿಡಲು ಎಷ್ಟೋ ವರ್ಷ. ಮನೆಯಲ್ಲಿ ಬೀಜ ಹಾಕಿ ಎಬ್ಬಿಸುವಂಥದ್ದಲ್ಲ ಅದು. ಹಾಗಿರುವಾಗ ಕಡಿಮೆ ಬೆಲೆಗೆ ರಾಶಿ ರಾಶಿ ಮಾರುವವರು ಎಲ್ಲಿಂದ ತರುತ್ತಾರೆ? ಮರ ಹತ್ತಿ ಕಿತ್ತೇ ತರಬೇಕು. ಸರ್ಕಾರಿ ಕಾಡಿನಿಂದ ಕಿತ್ತು ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಸೊಪ್ಪಿನ ಬೆಟ್ಟ ನಮ್ಮದೇ ಅಲ್ವಾ ಎಂದು ಕೆಲವರು ಕೇಳುತ್ತಾರೆ. ಬೆಟ್ಟದ ಸವಲತ್ತು ಇರುವುದು ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು. ಅಲ್ಲಿಂದ ಕಿತ್ತು ಪೇಟೆಗೆ ಮಾರಲು ಅಲ್ಲ.

ನಿಮ್ಮದೊಂದು ಹಾಕಿದರೆ ಮುಂದಿನ ತಿಂಗಳು "ನಮ್ಮದೂ ಹಿತ್ತಿಲಿನದೇ" ಎಂದು ಹತ್ತು ಬರುತ್ತವೆ. ಯಾವುದು ಬಿದ್ದ ಟೊಂಗೆಯದು, ಯಾವುದು ಚೀಲದಲ್ಲಿ ಇಳಿದದ್ದು ಎಂದು ಕಚೇರಿಯಲ್ಲಿ ಕೂತು ಹೇಳಲು ನನಗೆ ಆಗದು. ಮುಂಗಾರಿನ ಹೊತ್ತಿಗೆ ದೇವಿಮನೆ ಘಟ್ಟದಲ್ಲಿ ಮರದಿಂದ ಜೋತುಬಿದ್ದ ಆ ಗುಲಾಬಿ ಬಿಳಿ ದಂಡೆ ನೋಡಿದಾಗ ಗಾಡಿ ನಿಲ್ಲಿಸದೆ ಮುಂದೆ ಹೋಗಲು ನನ್ನಿಂದ ಇವತ್ತಿಗೂ ಆಗುವುದಿಲ್ಲ. ಅದನ್ನು ನಮ್ಮ ಪುಟವೇ ಬರಿದು ಮಾಡಿತು ಅಂತಾಗಬಾರದು. ಕಾಡಿನ ಸೀತಾಳೆಗಳನ್ನು ದುಡ್ಡಿಗೆ ಮಾರುವ ಜಾಹೀರಾತು ನಮ್ಮಲ್ಲಿ ಇಲ್ಲ, ಯಾರು ಕಳಿಸಿದರೂ ಇಲ್ಲ. ಲ್ಯಾಬಿನಲ್ಲಿ ಬೆಳೆಸಿದ ಡೆಂಡ್ರೋಬಿಯಂನಂಥವನ್ನು ಮಾರುವವರು ಎಲ್ಲಿ ಕೊಂಡಿದ್ದು ಎಂದು ತಿಳಿಸಿದರೆ ಹಾಕುತ್ತೇವೆ. ನಿಮ್ಮ ಹಲಸಿನ ದಂಡೆಗಳನ್ನು ಹಿತ್ತಿಲಿನ ಬೇರೆ ಮರಗಳಿಗೇ ಕಟ್ಟಿಬಿಡಿ. ಮಳೆ ಹಿಡಿದ ಮೇಲೆ ಬೇರು ಬೇಗ ಹಿಡಿಯುತ್ತವೆ.

ಬೆಲೆ ಬರೆಯಲು ನಾಚಿಕೆ ಆಗುತ್ತದೆ ಎಂದಿದ್ದೀರಿ. ಅರ್ಥವಾಗುತ್ತದೆ. ನಮ್ಮ ಕಡೆ ಗಿಡಕ್ಕೆ ದುಡ್ಡು ಕೇಳುವುದೇ ಹೊಸತು. ನೆಂಟರ ಮನೆಗೆ ಹೋದರೆ ಬರುವಾಗ ಕೈಯಲ್ಲಿ ನಾಲ್ಕು ಕೊಂಬೆ ಇರಲೇಬೇಕು. ಕೇಳದೆ ತಂದ ಗಿಡ ಚೆನ್ನಾಗಿ ಬದುಕುತ್ತದೆ ಎಂಬ ಮಾತೂ ಉಂಟು. ಪುಕ್ಕಟೆ ಕೊಡುವುದಾದರೆ "ಪುಕ್ಕಟೆ" ಎಂದೇ ಬರೆಯಿರಿ, "ಗುಲಾಬಿ ಕೊಂಬೆಗೆ ಬದಲಾಗಿ" ಎಂದರೂ ಸರಿ. "ಬೆಲೆಗೆ ಫೋನ್ ಮಾಡಿ" ಎಂಬುದು ಮಾತ್ರ ಬೇಡ. ಹಾಗೆ ಬರೆದ ಕಡೆ ಗಿಡ ಬಲ್ಲವರಿಗೆ ಒಂದು ಬೆಲೆ, ಮೊದಲ ಸಲ ಕೇಳುವ ಹುಡುಗಿಗೆ ಇನ್ನೊಂದು ಬೆಲೆ ಆದದ್ದನ್ನು ನೋಡಿದ್ದೇವೆ. ಆ ಹುಡುಗಿ ಮತ್ತೆ ಫೋನ್ ಮಾಡುವುದಿಲ್ಲ.

ಫೋಟೊ ನಿಮ್ಮ ಅಂಗಳದಲ್ಲೇ ತೆಗೆದದ್ದಾಗಿರಬೇಕು. ಮೊಬೈಲಿನಲ್ಲಿ ಎಲ್ಲಿಂದಲೋ ಬಂದದ್ದು ಬೇಡ. ನೀಲಿ ಗುಲಾಬಿಯ ಬೀಜ ಎಂದು ಹೊಳೆಯುವ ಚಿತ್ರ ಹಾಕಿದ ಜಾಹೀರಾತು ನಮಗೆ ಮೂರು ಸಲ ಬಂದಿದೆ. ಗುಲಾಬಿಗೆ ಆ ನೀಲಿ ಬಣ್ಣ ತಯಾರಿಸುವ ಶಕ್ತಿಯೇ ಇಲ್ಲ. ಜಪಾನಿನ ಸಂಟೋರಿ ಕಂಪನಿ ಬೇರೆ ಹೂವಿನ ಜೀನ್ ಸೇರಿಸಿ ಮಾಡಿ 2009ರಲ್ಲಿ ಮಾರಾಟಕ್ಕೆ ಬಿಟ್ಟದ್ದೂ ನೋಡಲು ತಿಳಿ ನೇರಳೆಯೇ. ನೂರು ರೂಪಾಯಿ ಪೊಟ್ಟಣದಲ್ಲಿ ಅದು ಬರುವುದಿಲ್ಲ.

ಮೆಣಸಿನ ಬಳ್ಳಿ ಕೊಡುವವರಿಗೆ ಇನ್ನೊಂದು ಪ್ರಶ್ನೆ ಇದೆ. ನಿಮ್ಮ ತೋಟದಲ್ಲಿ ಸೊರಗು ರೋಗ ಬಂದಿತ್ತಾ? ಆ ರೋಗ ಮಣ್ಣು ನೀರಿನಲ್ಲಿ ಸಾಗುತ್ತದೆ. ಕೊಟ್ಟೆಯ ಒಂದು ಹಿಡಿ ಮಣ್ಣಿನ ಜೊತೆ ಇನ್ನೊಬ್ಬರ ತೋಟಕ್ಕೆ ಹೋಗಿ ಸೇರಬಹುದು. ಬಂದಿತ್ತು ಅಂದರೆ ಆ ಜಾಹೀರಾತನ್ನು ಬಿಡುತ್ತೇವೆ. ಇದನ್ನು ಮುಚ್ಚಿಡದೆ ಹೇಳಿದ ಓದುಗರು ಇದ್ದಾರೆ. ಅವರ ಮೇಲೆ ನನಗೆ ತುಂಬ ಗೌರವ.

ಇಷ್ಟು ಹೊತ್ತು ಮಾರುವವರನ್ನೇ ಕೇಳಿದ್ದಾಯಿತು. ಮಾರುವವರಿಗೂ ಮೋಸ ಆಗುತ್ತದೆ. ಅಂಕೋಲಾದ ಓದುಗರೊಬ್ಬರಿಗೆ ಹೋದ ವರ್ಷ ಒಂದು ಫೋನ್ ಬಂತು. ತಾನು ಸೈನ್ಯದಲ್ಲಿದ್ದೇನೆ, ಎಲ್ಲ ಗಿಡ ಬೇಕು, ದುಡ್ಡು ಈಗಲೇ ಹಾಕುತ್ತೇನೆ ಎಂದು ಒಂದು ಕ್ಯೂಆರ್ ಕೋಡ್ ಕಳಿಸಿದ. ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ಒತ್ತಿದರು. ಅವರ ಖಾತೆಯಿಂದಲೇ ದುಡ್ಡು ಹೋಯಿತು. ದಯವಿಟ್ಟು ನೆನಪಿಡಿ: ದುಡ್ಡು ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಯುಪಿಐ ಪಿನ್ ಒತ್ತುವುದೂ ಬೇಡ. ಪಿನ್ ಒತ್ತಿದರೆ ನಿಮ್ಮ ದುಡ್ಡು ಹೊರಗೆ ಹೋಗುತ್ತದೆ. ಹಾಗೇನಾದರೂ ಆದರೆ ನಾಚಿಕೊಂಡು ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹೊತ್ತಲ್ಲದ ಹೊತ್ತಲ್ಲಿ ಫೋನ್ ಬರುತ್ತದೆ ಎಂದು ಹಲವು ಹೆಣ್ಣುಮಕ್ಕಳು ಹೇಳಿಕೊಂಡಿದ್ದಾರೆ. ಅಂಥವರು ತಮ್ಮ ನಂಬರ್ ಕೊಡದೆ "ಪತ್ರಿಕೆಯ ಮೂಲಕ" ಎಂದು ಬರೆದರೆ ಸಾಕು. ಕರೆಗಳನ್ನು ನಾವು ತೆಗೆದುಕೊಂಡು ನಿಜವಾಗಿ ಗಿಡ ಬೇಕಾದವರ ಹೆಸರು ಊರು ನಿಮಗೆ ತಿಳಿಸುತ್ತೇವೆ. ಇದಕ್ಕೆ ದುಡ್ಡು ಇಲ್ಲ.

ಕೊನೆಗೆ ನಿಮ್ಮ ಡೇರೆ. ನಾವು ಗೆಡ್ಡೆಯ ಕಣ್ಣು ಕಾಣುವ ಫೋಟೊ ಕೇಳಿದ್ದು ನಿಮಗೆ ವಿಚಿತ್ರ ಅನ್ನಿಸಿತಂತೆ. ಡೇರೆ ಗೆಡ್ಡೆ ಬಟಾಟೆಯ ಹಾಗಲ್ಲ, ಮೈತುಂಬ ಕಣ್ಣಿರುವುದಿಲ್ಲ. ಹಳೇ ಕಾಂಡದ ಬುಡಕ್ಕೆ ಅಂಟಿದ ಕಡೆ ಮಾತ್ರ ಇರುತ್ತದೆ. ಗೊಂಚಲು ಬಿಡಿಸುವಾಗ ಕುತ್ತಿಗೆ ಮುರಿದರೆ, ಎಷ್ಟೇ ದಪ್ಪ ಗೆಡ್ಡೆಯಾದರೂ ಮಣ್ಣಲ್ಲಿ ಕೊಳೆಯುತ್ತದೆಯೇ ಹೊರತು ಚಿಗುರುವುದಿಲ್ಲ. ಹೋದ ವರ್ಷ ಯಲ್ಲಾಪುರದ ಇಬ್ಬರಿಗೆ ಹೀಗೇ ಆಯಿತು. ಚೌತಿಗೆ ಹೂ ಬರುತ್ತದೆ ಎಂದು ಮಡಿ ಮಾಡಿ ಕಾದದ್ದು ಸುಮ್ನೆ ಹೋಯಿತು. ನಿಮ್ಮ ಕೈ ಪಳಗಿದ್ದು ಅಂತ ಪತ್ರದಿಂದಲೇ ಗೊತ್ತಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಅಷ್ಟು ವರ್ಷ ಡೇರೆ ಗೆಡ್ಡೆ ಕೊಳೆಯದಂತೆ ಕಾಯ್ದುಕೊಂಡು ಬರುವುದು ಸಣ್ಣ ಕೆಲಸವಲ್ಲ. ನೀವು ಅದನ್ನು ಒಣ ಮರಳಲ್ಲಿ ಇಡುತ್ತೀರೋ, ಬೂದಿಯಲ್ಲೋ? ಎರಡು ಸಾಲು ಬರೆದು ಕಳಿಸಿ. ಘಟ್ಟದ ಕೆಳಗಿನ ಎಷ್ಟೋ ಜನ ನಮ್ಮನ್ನು ಇದನ್ನೇ ಕೇಳುತ್ತಿರುತ್ತಾರೆ, ಜಾಹೀರಾತಿನ ಪಕ್ಕದಲ್ಲೇ ಹಾಕೋಣ.

ಮೇ ಸಂಚಿಕೆ ಈ ತಿಂಗಳ 20ಕ್ಕೆ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಕಣ್ಣು ಕಾಣುವ ಹಾಗೆ ಒಂದು ಫೋಟೊ, ಎಷ್ಟು ಗೆಡ್ಡೆ ಉಳಿದಿವೆ ಎಂಬ ಲೆಕ್ಕ, ಬೆಲೆ ಇಷ್ಟು ಸಿಕ್ಕರೆ ಸಾಕು. ಅದರಲ್ಲಿ ಎರಡು ಗೆಡ್ಡೆ ನನ್ನ ಹೆಸರಿಗೆ ತೆಗೆದಿಡಿ, ಬೇರೆಯವರಿಗೆ ಹೇಳುವ ಬೆಲೆಗೇ. ಬಸ್ ಪಾರ್ಸೆಲ್‌ನಲ್ಲಿ ಕಳಿಸುವುದು ಬೇಡ, ಮುಂದಿನ ವಾರ ಕುಮಟೆಗೆ ಬರುವುದಿದೆ, ಬಂದು ತೆಗೆದುಕೊಂಡು ಹೋಗುತ್ತೇನೆ.

— ಸಂಪಾದಕ, ಶಿರಸಿ