ಆರೋಪಿ ಬಿಡುಗಡೆಯಾದ, ಹಾಗಾದರೆ ಕೊಂದವರಾರು?

ಕೋರ್ಟಿನ ಥ್ರಿಲ್ಲರ್ ಓದಿ ಮುಗಿಸಿದಿರಿ; ಆರೋಪಿ ಬಿಡುಗಡೆಯಾದ, ಕೊಲೆಗಾರ ಯಾರೆಂದು ಕೊನೆಗೂ ತಿಳಿಯಲಿಲ್ಲ. ಅದನ್ನು ನೀವು ಬಹುಶಃ ಪತ್ತೇದಾರಿ ಕಾದಂಬರಿಯಂತೆ ಓದಿದ್ದೀರಿ. ಅದಕ್ಕೇ "ಮೋಸ ಹೋದೆ" ಅನ್ನಿಸಿದೆ. ನನಗೂ ಒಮ್ಮೆ ಹೀಗೇ ಆಗಿ ಎರಡು ದಿನ ಸಿಟ್ಟಿತ್ತು. ಕೋರ್ಟು ನೋಡುವುದು ಆರೋಪ ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಯಿತೇ ಎಂದಷ್ಟೇ. ಆ ಹೊಣೆ ಪ್ರಾಸಿಕ್ಯೂಷನ್‌ನದು, ಅಂದರೆ ಆರೋಪ ಹೊರಿಸಿ ವಾದಿಸುವ ಸರ್ಕಾರದ ಪಕ್ಷದ್ದು; ನಿಜವಾದ ಕೊಲೆಗಾರನನ್ನು ಆರೋಪಿ ಹುಡುಕಿಕೊಡಬೇಕಿಲ್ಲ.

ಮೊದಲು ಮುಖ್ಯ ಸಾಕ್ಷಿಯ ಪಾಟೀಸವಾಲನ್ನು (ಎದುರು ಪಕ್ಷದ ವಕೀಲರು ಸಾಕ್ಷಿಗೆ ಕೇಳುವ ಪ್ರಶ್ನೆಗಳನ್ನು) ಮತ್ತೆ ಓದಿ. "ನೋಡಿದೆ" ಅಂದವರು "ನೋಡಿದ ಹಾಗಿತ್ತು" ಅನ್ನುವ ಸಾಲಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಕೇಸು ಸಾಮಾನ್ಯವಾಗಿ ಅಲ್ಲೇ ಸಡಿಲವಾಗಿರುತ್ತದೆ. ಆಮೇಲೆ ತೀರ್ಪಿನ ಅಧ್ಯಾಯಕ್ಕೆ ಹೋಗಿ. ಲೇಖಕರು ಬೇಕೆಂದೇ ಮುಚ್ಚಿಟ್ಟಿದ್ದರೆ ಕೊಲೆಗಾರ ಆಗಲೂ ಸಿಗಲಿಕ್ಕಿಲ್ಲ, ಆದರೆ ಬಿಡುಗಡೆ ಯಾಕಾಯಿತು ಅನ್ನುವುದು ತಿಳಿದೀತು.