ಶಾಲೆ ಮುಚ್ಚಿದ್ದಾಗ ಮೇಷ್ಟ್ರುಗಳಿಗೆ ಏನು ಕೆಲಸ ಇತ್ತು?

ಕೋವಿಡ್ ಸಮಯದಲ್ಲಿ ಸರ್ಕಾರಿ ಶಾಲೆ ಮೇಷ್ಟ್ರುಗಳು ಮನೆಯಲ್ಲೇ ಇದ್ದರಾ ಅಂತ ಕೇಳಿದ್ದೀರಿ. ಇಲ್ಲ, ಕೆಲಸ ಜಾಸ್ತಿನೇ ಇತ್ತು. ನಾನು ಹಳ್ಳಿ ಶಾಲೆಯ ಟೀಚರ್, ಕಂಡದ್ದನ್ನೇ ಹೇಳುತ್ತೇನೆ.

2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ ಮೇಲೆ ಬಿಸಿಯೂಟ ನಿಂತಿತು. ಬದಲಿಗೆ ಮಕ್ಕಳ ಮನೆಗೆ ಅಕ್ಕಿ, ಬೇಳೆ ಅಳೆದು ಕೊಡುವುದು ನಮ್ಮ ಪಾಲಿಗೆ ಬಂತು. ಜೊತೆಗೆ ಸರ್ವೆ ಡ್ಯೂಟಿ. ಚಂದನ ಟಿವಿಯಲ್ಲಿ ಪಾಠ ಬರುತ್ತಿತ್ತು, ನಿಜ. ಆನ್‌ಲೈನ್ ಕ್ಲಾಸ್ ಅಂದರೆ ಮನೆಗೊಂದೇ ಫೋನು, ಅದೂ ಅಪ್ಪನ ಜೇಬಲ್ಲಿ ಗಾರೆ ಕೆಲಸಕ್ಕೆ ಹೋಗಿರುತ್ತಿತ್ತು.

ಆಗಸ್ಟ್‌ನಲ್ಲಿ ವಿದ್ಯಾಗಮ ಅನ್ನುವ ಸರ್ಕಾರದ ಕಾರ್ಯಕ್ರಮ ಶುರುವಾಯಿತು. ಮಕ್ಕಳು ಶಾಲೆಗೆ ಬರುವ ಹಾಗಿಲ್ಲ, ನಾವೇ ಊರೊಳಗೆ ಹೋಗಿ ಅರಳಿಕಟ್ಟೆ, ಗುಡಿಯ ಜಗಲಿ, ಯಾರದೋ ಮನೆಯ ಪಡಸಾಲೆ, ನೆರಳು ಸಿಕ್ಕ ಕಡೆ ಅವರನ್ನು ದೂರ ದೂರ ಕೂರಿಸಿ ಪಾಠ ಮಾಡಬೇಕು. ಮಳೆ ಬಂದರೆ ಪುಸ್ತಕ ಎದೆಗವಚಿಕೊಂಡು ಎಲ್ಲರೂ ಒಂದೇ ಸೂರಿಗೆ ಓಡುತ್ತಿದ್ದರು, ಆಮೇಲೆ ಅಂತರ ಎಲ್ಲಿಂದ ಬರಬೇಕು? ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು. ಎಷ್ಟೋ ಶಿಕ್ಷಕರು ಕೋವಿಡ್‌ಗೆ ಜೀವ ಕಳೆದುಕೊಂಡರು, ದಯವಿಟ್ಟು ಅದನ್ನು ಮರೆಯಬೇಡಿ.

ನನಗೆ ಈಗಲೂ ಸಂಕಟ ಆಗುವುದು ಚಿಕ್ಕ ಮಕ್ಕಳನ್ನು ನೆನೆದಾಗ. 1ರಿಂದ 5ನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಮೂರನೇ ಕ್ಲಾಸಿನ ಹುಡುಗನಿಗೆ ‘ಅಕ್ಕ’ ಬರಿ ಅಂದೆ. ‘ಅಕ’ ಅಂತ ಬರೆದು, ಏನೋ ಬಿಟ್ಟುಹೋಗಿದೆ ಅಂತ ಗೊತ್ತಾಗಿ ಸುಮ್ನೆ ನನ್ನ ಮುಖ ನೋಡಿದ. ಅವತ್ತಿಂದ ಒತ್ತಕ್ಷರವನ್ನು ಮೊದಲಿಂದ ಹಿಡಿದೆವು.