ಬ್ಯಾಟರಿ ಹೊಸದು, ಆಲ್ಟರ್ನೇಟರ್ ಹೊಸದು. ಚಾರ್ಜ್ ಮಾತ್ರ ನಿಲ್ಲುತ್ತಿಲ್ಲ

ಪ್ರಶ್ನೆ: ನಮ್ಮದು 2010ರ ಡೀಸೆಲ್ ಕಾರು. ಬೇಸಿಗೆಯಲ್ಲಿ ಏನೂ ತೊಂದರೆಯಿಲ್ಲ. ಮಳೆ ಹಿಡಿದ ಮೇಲೆ ರಾತ್ರಿ ಚಾರ್ಮಾಡಿ ಘಾಟಿಯಲ್ಲಿ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿದರೆ ಲೈಟು ಮಂಕಾಗಿ, ಮೀಟರಿನಲ್ಲಿ ಬ್ಯಾಟರಿ ದೀಪ ಸಣ್ಣಗೆ ಮಿಣುಕುತ್ತದೆ. ಬೆಳಿಗ್ಗೆ ಸೆಲ್ಫ್ ತಿರುಗುವುದಿಲ್ಲ. ಎರಡು ಬ್ಯಾಟರಿ, ಒಂದು ಆಲ್ಟರ್ನೇಟರ್ ಹಾಕಿಸಿಯಾಯಿತು. ಗ್ಯಾರೇಜಿನಲ್ಲಿ ನೋಡಿದಾಗ ಚಾರ್ಜಿಂಗ್ ಸರಿಯಾಗಿಯೇ ಇರುತ್ತದೆ. ಈಗ ಇಸಿಎಂ ಬದಲಾಯಿಸಿ ಅನ್ನುತ್ತಿದ್ದಾರೆ. ಬದಲಾಯಿಸಲೇ?
– ಓದುಗರು, ಮೂಡಿಗೆರೆ

ಉತ್ತರ: ಬೇಡ, ಇಸಿಎಂಗೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಈಗಲೇ ದುಡ್ಡು ಸುರಿಯಬೇಡಿ. ನೀವು ಬರೆದ ಲಕ್ಷಣಗಳೆಲ್ಲ, ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ಹೋಗುವ ದಾರಿಯತ್ತ ಬೆರಳು ಮಾಡುತ್ತಿವೆ. ದಪ್ಪ ಪಾಸಿಟಿವ್ ಕೇಬಲ್ ಒಂದು, ಎಂಜಿನ್‌ನಿಂದ ಬಾಡಿಗೆ ಮತ್ತು ಬಾಡಿಯಿಂದ ಬ್ಯಾಟರಿಗೆ ಬರುವ ಅರ್ತ್ ಪಟ್ಟಿ ಇನ್ನೊಂದು. ಇವುಗಳ ತುದಿಗೆ ಹಸಿರು ಕಿಲುಬು, ತುಕ್ಕು ಹಿಡಿದರೆ ಎಷ್ಟು ಹೊಸ ಆಲ್ಟರ್ನೇಟರ್ ಹಾಕಿದರೂ ಫಲವಿಲ್ಲ.

ಗ್ಯಾರೇಜಿನಲ್ಲಿ ಸರಿ ತೋರಿಸಿ ಘಾಟಿಯಲ್ಲಿ ಕೈಕೊಡುವುದಕ್ಕೂ ಇದೇ ಕಾರಣ. ಆ ಜೋಡಣೆಯಲ್ಲಿ 0.03 ಓಮ್ ಪ್ರತಿರೋಧ ಇದೆ ಎಂದಿಟ್ಟುಕೊಳ್ಳಿ. ಹಗಲು, ಲೈಟಿಲ್ಲದೆ 10 ಆಂಪಿಯರ್ ಹರಿಯುವಾಗ ಕಳೆದುಹೋಗುವುದು 0.3 ವೋಲ್ಟ್ ಅಷ್ಟೆ; 14.2 ಇದ್ದದ್ದು ಬ್ಯಾಟರಿಯಲ್ಲಿ 13.9 ಎಂದು ತೋರಿಸುತ್ತದೆ, ಮೆಕ್ಯಾನಿಕ್ 'ಸರಿ ಇದೆ' ಅನ್ನುತ್ತಾರೆ. ರಾತ್ರಿ ಮಳೆಯಲ್ಲಿ ಎಲ್ಲ ಹಾಕಿ 50 ಆಂಪಿಯರ್ ಎಳೆದಾಗ ಅದೇ ಜೋಡಣೆ 1.5 ವೋಲ್ಟ್ ನುಂಗುತ್ತದೆ. ಬ್ಯಾಟರಿಗೆ ಉಳಿಯುವುದು 12.7. ಅಷ್ಟರಲ್ಲಿ ಚಾರ್ಜ್ ಏರುವುದಿಲ್ಲ. ಹಲವು ಆಲ್ಟರ್ನೇಟರ್‌ಗಳ ರೆಗ್ಯುಲೇಟರ್ (ವೋಲ್ಟೇಜನ್ನು ಹತೋಟಿಯಲ್ಲಿಡುವ ಭಾಗ) ತನ್ನ ಬಳಿಯ ವೋಲ್ಟೇಜನ್ನಷ್ಟೇ ನೋಡುವುದರಿಂದ ಅದಕ್ಕೆ ಈ ಕೊರತೆ ಗೊತ್ತೇ ಆಗುವುದಿಲ್ಲ.

ಆದ್ದರಿಂದ ಪರೀಕ್ಷೆ ಲೋಡ್ ಹಾಕಿಯೇ ಆಗಬೇಕು. ಎಂಜಿನ್ 2000 ಆರ್‌ಪಿಎಂನಲ್ಲಿರಲಿ. ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲ ಆನ್. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗಿಟ್ಟು ಒಂದು ಮೊನೆಯನ್ನು ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿಗೆ (ದಪ್ಪ ಪಾಸಿಟಿವ್ ಕೇಬಲ್ ಕೂರುವ ಬೋಲ್ಟ್), ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ ಮುಟ್ಟಿಸಿ. ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ. ಕ್ಲ್ಯಾಂಪಿಗೆ ಮುಟ್ಟಿಸಿದರೆ ಕಂಬಕ್ಕೂ ಕ್ಲ್ಯಾಂಪಿಗೂ ನಡುವಿನ ದೋಷ ತಪ್ಪಿಸಿಕೊಳ್ಳುತ್ತದೆ. 0.5 ವೋಲ್ಟ್ ಮೀರಿದರೆ ಕೇಬಲ್ ಅಥವಾ ಅದರ ತುದಿ ಕೆಟ್ಟಿದೆ. ಆಮೇಲೆ ಆಲ್ಟರ್ನೇಟರಿನ ಮೈಗೂ ಬ್ಯಾಟರಿ ನೆಗೆಟಿವ್ ಕಂಬಕ್ಕೂ ನಡುವೆ ಅಳೆಯಿರಿ. 0.2 ದಾಟಿದರೆ ಅರ್ತ್ ಅನ್ನು ಅನುಮಾನಿಸಿ. ಮೀಟರ್ 'ಬೀಪ್' ಎಂದಿತು ಎಂದು ವೈರಿಗೆ ಕ್ಲೀನ್ ಚಿಟ್ ಕೊಡುವವರನ್ನು ನಂಬಬೇಡಿ, ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ.

ಎರಡೂ ಅಳತೆ ಚೆನ್ನಾಗಿದ್ದು, ಬಿ ಪ್ಲಸ್ ಬೋಲ್ಟಿನಲ್ಲೇ ವೋಲ್ಟೇಜ್ ಕಮ್ಮಿಯಿದ್ದರೆ ಮಾತು ಬೇರೆ. ಮೊದಲು ಬೆಲ್ಟ್ ನೋಡಿ. ತೋಟದ ರಸ್ತೆಯ ಕಲ್ಲಿಗೆ ಎಂಜಿನ್ ಅಡಿಯ ಪ್ಲಾಸ್ಟಿಕ್ ಕವರ್ ಕಿತ್ತುಹೋದ ಕಾರುಗಳು ನಮ್ಮ ಕಡೆ ಬೇಕಾದಷ್ಟಿವೆ. ಕೆಸರು ನೀರು ನೇರ ಬೆಲ್ಟಿಗೆ ಎರಚಿ, ಲೋಡ್ ಬಿದ್ದಾಗ ಅದು ಜಾರುತ್ತದೆ. ಆಮೇಲೆ ಆಲ್ಟರ್ನೇಟರಿನೊಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್: ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಯಲ್ಲಿ ನೋಡಿ, ಅರ್ಧ ವೋಲ್ಟ್‌ಗಿಂತ ಹೆಚ್ಚಿದ್ದರೆ ಡಯೋಡ್ ಹೋಗಿದೆ. ಹಾಕಿದ್ದು ರಿಪೇರಿ ಮಾಡಿದ ಆಲ್ಟರ್ನೇಟರ್ ಆಗಿದ್ದರೆ ಇದನ್ನು ಬಿಡಲೇಬೇಡಿ.

ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು 'ಚಾರ್ಜ್ ಬರುತ್ತಿದೆಯಾ' ಎಂದು ನೋಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಹಾಗೆ ಮಾಡಲು ಯಾರನ್ನೂ ಬಿಡಬೇಡಿ. ಆ ಕ್ಷಣ ಏರುವ ವೋಲ್ಟೇಜ್ ನಿಮ್ಮ ಒಳ್ಳೆಯ ಇಸಿಎಂ ಅನ್ನೇ ಸುಡಬಹುದು.

ಅರ್ತ್‌ನದೇ ದೋಷ ಎಂದಾದರೆ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿಸಿ, ಬೋಲ್ಟ್ ಕೂರುವ ಜಾಗದ ಪೇಂಟು, ತುಕ್ಕನ್ನು ಎಮರಿ ಪೇಪರಿನಲ್ಲಿ ಹೊಳೆಯುವಂತೆ ಉಜ್ಜಿಸಿ ಹೊಸ ಪಟ್ಟಿ ಹಾಕಿಸಿ. ಗ್ರೀಸು ಬಿಗಿ ಮಾಡಿದ ಮೇಲೆ, ಹೊರಗಡೆ. ಅಡಿಯ ಕವರ್ ಇಲ್ಲದಿದ್ದರೆ ಅದನ್ನೂ ಹಾಕಿಸಿ.

ಈಗಿನ ಬ್ಯಾಟರಿಯನ್ನು ಎಸೆಯುವ ಮುನ್ನ ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ, ರಾತ್ರಿಯಿಡೀ ಬಿಟ್ಟು ಅಳೆಯಿರಿ. 12.6ರ ಆಸುಪಾಸು ನಿಂತು, ಲೋಡ್ ಟೆಸ್ಟಿನಲ್ಲೂ ಪಾಸಾದರೆ ಬ್ಯಾಟರಿ ಚೆನ್ನಾಗಿದೆ. ಅರೆ ಚಾರ್ಜಿನಲ್ಲೇ ದಿನಗಟ್ಟಲೆ ಇದ್ದು ಒಳಗಿನ ಸೀಸದ ಫಲಕಗಳಿಗೆ ಸಲ್ಫೇಟ್ ಪದರ ಕಟ್ಟಿ, ಈ ಪರೀಕ್ಷೆಯಲ್ಲಿ ಸೋತರೆ ಮಾತ್ರ ಬದಲಾಯಿಸಿ. ಹಿಂದಿನವೂ ಬಹುಶಃ ಹಾಗೆಯೇ ಸತ್ತಿವೆ.

ಇಷ್ಟಾಗುವವರೆಗೆ ಕೊಟ್ಟಿಗೆಹಾರ ದಾಟಿ ರಾತ್ರಿ ಘಾಟಿ ಇಳಿಯಬೇಡಿ. ಮಂಜಿನಲ್ಲಿ ತಿರುವಿನ ನಡುವೆ ಹೆಡ್‌ಲೈಟ್ ಕೈಕೊಟ್ಟರೆ ಎದುರು ಬರುವ ಬಸ್ಸಿಗೆ ನೀವು ಕಾಣುವುದೇ ಇಲ್ಲ.